ಅಮ್ಮನ ಕಾಯಿಲೆ, ಮಗಳ ಕಲಿಕೆ: ನೂರು ವರ್ಷದಿಂದ ಕೇಳುತ್ತಿರುವ ಪ್ರಶ್ನೆ

ಮಂಡ್ಯ ಕಡೆ ಹೆಣ್ಣು ನೋಡಲು ಹೋಗುವ ಮುಂಚೆ ವಿಚಾರಿಸಿಕೊಂಡು ಬರುವುದು ರೂಢಿ. ಜಮೀನು ಎಷ್ಟು, ಓದು ಎಲ್ಲಿಯವರೆಗೆ ಅನ್ನೋದೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ: "ಅವರ ಮನೇಲಿ ಯಾರಿಗಾದ್ರೂ ತಲೆ ಕೆಟ್ಟಿತ್ತಾ?" ತಾಯಿಗೆ ಅಂತ ಗೊತ್ತಾದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಲ್ವಾ?

ಹೀಗೆ ಸಂಬಂಧ ತಪ್ಪಿದ ಒಬ್ಬ ಹುಡುಗಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವಳ ಅಮ್ಮನಿಗೆ ಸ್ಕಿಜೋಫ್ರೀನಿಯಾ, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನೋರೋಗ. ಹತ್ತು ವರ್ಷದವಳಿದ್ದಾಗಲೇ ರಾತ್ರಿ ಊಟ ಆದ ಮೇಲೆ ಅಮ್ಮನ ಅಂಗೈಗೆ ಎರಡು ಮಾತ್ರೆ ಹಾಕಿ, ನೀರು ಕುಡಿದು ನುಂಗುವ ತನಕ ಎದುರಿಗೇ ನಿಂತಿರುತ್ತಿದ್ದಳು. ಶಾಲೆಯಲ್ಲಿ ಮಗ್ಗಿ ನೆನಪಿರುತ್ತಿರಲಿಲ್ಲ. ಬೋರ್ಡಿನ ಮೇಲಿನ ಲೆಕ್ಕ ಅರ್ಧ ಬರೆಯುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗುತ್ತಿತ್ತು. "ಇವಳೂ ಅಮ್ಮನ ಹಾಗೇ ಆಗ್ತಾಳೆ" ಅಂದುಬಿಟ್ಟರು ಸುತ್ತಲಿನವರು.

ಆ ಮಾತಿನಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಕಾಯಿಲೆ ಬರುತ್ತದಾ ಅನ್ನೋದು ಒಂದು. ಗಮನ, ನೆನಪು, ಲೆಕ್ಕ ಹಾಕುವ ಶಕ್ತಿ ಕಮ್ಮಿ ಇರುತ್ತದಾ ಅನ್ನೋದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಲು ವಿಜ್ಞಾನಕ್ಕೇ ನೂರು ವರ್ಷ ಹಿಡಿಯಿತು. ನಡುವೆ ಘೋರ ತಪ್ಪುಗಳೂ ಆದವು.

ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ 19ನೇ ಶತಮಾನದ ಕೊನೆಯಲ್ಲಿ ಈ ಕಾಯಿಲೆಯನ್ನು ಗುರುತಿಸಿದಾಗ ಇಟ್ಟ ಹೆಸರಿನ ಅರ್ಥವೇ 'ಎಳೆ ವಯಸ್ಸಿನ ಬುದ್ಧಿಕುಂದು'. ಸ್ಕಿಜೋಫ್ರೀನಿಯಾ ಅನ್ನುವ ಹೆಸರು ಬಂದದ್ದು 1908ರಲ್ಲಿ. 1916ರಲ್ಲಿ ಮನೋವೈದ್ಯ ಅರ್ನ್‌ಸ್ಟ್ ರೂಡಿನ್ ರೋಗಿಗಳ ಕುಟುಂಬಗಳನ್ನು ಲೆಕ್ಕ ಹಾಕಿ ಇದು ವಂಶದಲ್ಲಿ ಬರುತ್ತದೆ ಎಂದ. ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. 1933ರಲ್ಲಿ ನಾಜಿ ಸರ್ಕಾರ ಇಂಥವರಿಗೆ ಮಕ್ಕಳಾಗದಂತೆ ಬಲವಂತದ ಆಪರೇಷನ್ ಮಾಡುವ ಕಾನೂನು ತಂದಿತು. ರೂಡಿನ್ ಅದಕ್ಕೆ ಬೆನ್ನೆಲುಬಾಗಿ ನಿಂತ. ಸುಮಾರು 4 ಲಕ್ಷ ಜನ ಅದಕ್ಕೆ ಬಲಿಯಾದರು. ಹೆಣ್ಣಿನ ಮನೆ ಬಗ್ಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆಯನ್ನು ಒಂದು ಸರ್ಕಾರವೇ ಕೇಳಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಯುದ್ಧ ಮುಗಿದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ತಾಯಿ ಸಾಕಿದ ರೀತಿಯೇ ಕಾಯಿಲೆಗೆ ಕಾರಣ ಅನ್ನುವ ವಾದ 1948ರ ನಂತರ ಅಮೆರಿಕದಲ್ಲಿ ಜೋರಾಯಿತು. ಅದಕ್ಕೆ ಉತ್ತರ ಸಿಕ್ಕಿದ್ದು 1966ರಲ್ಲಿ. ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್, ಸ್ಕಿಜೋಫ್ರೀನಿಯಾ ಇದ್ದ ತಾಯಂದಿರಿಂದ ಹುಟ್ಟಿದ ಕೆಲವೇ ದಿನಕ್ಕೆ ದೂರವಾಗಿ ಬೇರೆ ಕಡೆ ಬೆಳೆದ 47 ಮಕ್ಕಳನ್ನು ಹುಡುಕಿದರು. ಅವರಲ್ಲಿ 5 ಜನರಿಗೆ ಕಾಯಿಲೆ ಬಂದಿತ್ತು. ಹೋಲಿಕೆಗೆ ಆರಿಸಿಕೊಂಡಿದ್ದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಅಂದರೆ ತಾಯಿಯ ಸಾಕಣೆ ಕಾರಣ ಅಲ್ಲ, ರಕ್ತದಲ್ಲಿ ಏನೋ ಬರುವುದು ನಿಜ. ಆದರೆ 47ರಲ್ಲಿ 42 ಜನರಿಗೆ ಆ ಕಾಯಿಲೆ ಬರಲಿಲ್ಲ ಅನ್ನೋದೂ ಅಷ್ಟೇ ನಿಜ. ಇವತ್ತಿಗೂ ಹೇಳುವ ಲೆಕ್ಕ ಹೆಚ್ಚುಕಮ್ಮಿ ಅದೇ: ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು ಹತ್ತು.

ಎರಡನೇ ಪ್ರಶ್ನೆ, ಕಲಿಕೆಯದು, ಹಿಂದೆ ಉಳಿದಿತ್ತು. ಬುದ್ಧಿಯನ್ನು ಅಳೆಯುವ ವಿದ್ಯೆಯಲ್ಲಿ ಮೈಸೂರಿಗೂ ಹಳೇ ನಂಟಿದೆ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, ಈ ವಿದ್ಯೆಯ ಮೊದಲಿಗರಲ್ಲಿ ಒಬ್ಬನಾದ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತು ಬಂದವರು.

ಸ್ಪಷ್ಟವಾದ ಚಿತ್ರ ಸಿಕ್ಕಿದ್ದು ಡೆನ್ಮಾರ್ಕ್‌ನಿಂದ. ಅಲ್ಲಿ ಏಳು ವರ್ಷದ 522 ಮಕ್ಕಳನ್ನು ಕೂರಿಸಿ ಪರೀಕ್ಷಿಸಿದರು. 202 ಮಕ್ಕಳ ಅಪ್ಪನಿಗೋ ಅಮ್ಮನಿಗೋ ಸ್ಕಿಜೋಫ್ರೀನಿಯಾ, 120 ಮಕ್ಕಳ ಮನೆಯಲ್ಲಿ ಬೈಪೋಲಾರ್ (ಅತಿ ಉತ್ಸಾಹ, ಅತಿ ಖಿನ್ನತೆ ಬಂದು ಹೋಗುವ ಕಾಯಿಲೆ), ಉಳಿದ 200 ಮಕ್ಕಳ ಮನೆಯಲ್ಲಿ ಎರಡೂ ಇಲ್ಲ. 2018ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನ ಮಕ್ಕಳು ಗಮನ, ನೆನಪು, ವೇಗ ಹೀಗೆ ಹಲವು ವಿಷಯಗಳಲ್ಲಿ ಸರಾಸರಿಯಲ್ಲಿ ಸ್ವಲ್ಪ ಹಿಂದಿದ್ದರು. ಬೈಪೋಲಾರ್ ಮನೆಯ ಮಕ್ಕಳು ಮಾತ್ರ ಉಳಿದವರ ಸಮಸಮಕ್ಕೆ ಇದ್ದರು! ಎಲ್ಲವನ್ನೂ 'ತಲೆ ಕೆಟ್ಟಿದೆ' ಅನ್ನುವ ಒಂದೇ ಮಾತಿನಲ್ಲಿ ಕಟ್ಟಿಹಾಕುವ ನಮಗೆ ಇದು ದೊಡ್ಡ ಸುದ್ದಿ ಆಗಬೇಕಿತ್ತು. ಸರಾಸರಿ ಅಂದರೆ ಸರಾಸರಿ ಅಷ್ಟೇ ಅನ್ನೋದನ್ನೂ ನೆನಪಿಡಬೇಕು. ಮೊದಲ ಗುಂಪಿನಲ್ಲೂ ಚುರುಕಾದ ಮಕ್ಕಳು ಬೇಕಾದಷ್ಟು ಇದ್ದರು. ಅದೇ ಮಕ್ಕಳನ್ನು ಹನ್ನೊಂದರ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಆ ಅಂತರ ಜಾಸ್ತಿ ಆಗಿರಲಿಲ್ಲ, ತಾನಾಗೇ ತುಂಬಿಕೊಂಡೂ ಇರಲಿಲ್ಲ.

ಈ ಅಂತರ ಎಲ್ಲಿಂದ ಬರುತ್ತದೆ? ಒಂದು ಭಾಗ ಜೀನುಗಳಿಂದ. 2022ರ ಹೊತ್ತಿಗೆ ಸ್ಕಿಜೋಫ್ರೀನಿಯಾಕ್ಕೆ ನಂಟಿರುವ 287 ಜಾಗಗಳನ್ನು ನಮ್ಮ ಜೀನುಗಳಲ್ಲಿ ಗುರುತಿಸಿದ್ದರು. ಒಂದೊಂದರ ಪ್ರಭಾವವೂ ತೀರಾ ಸಣ್ಣದು. ಆದರೆ 2018ರ ಐಸ್‌ಲ್ಯಾಂಡ್ ಅಧ್ಯಯನದ ಒಂದು ಮಾತು ನನ್ನನ್ನು ಬಹಳ ಕಾಡಿದೆ. ಅಪ್ಪ ಅಮ್ಮನಲ್ಲಿದ್ದು ಮಗುವಿಗೆ ಬಾರದೇ ಉಳಿದ ಜೀನುಗಳೂ ಮಗುವಿನ ಓದಿನ ಮೇಲೆ ಪರಿಣಾಮ ಬೀರಿದ್ದವು, ಬಂದ ಜೀನುಗಳ ಪ್ರಭಾವದ ಸುಮಾರು ಶೇ 30ರಷ್ಟು. ಬಾರದ ಜೀನು ಹೇಗೆ ಕೆಲಸ ಮಾಡೀತು? ಮನೆಯ ಮೂಲಕ. ಅಪ್ಪ ಅಮ್ಮ ಮಗುವಿನ ಜೊತೆ ಎಷ್ಟು ಮಾತಾಡುತ್ತಾರೆ, ಓದಿಗೆ ಹೇಗೆ ಆಸರೆ ಆಗುತ್ತಾರೆ ಅನ್ನೋದರ ಮೂಲಕ.

ಹೊಟ್ಟೆಯಲ್ಲಿದ್ದಾಗಿನ ಊಟವೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಪುರಾವೆ ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಒಂಬತ್ತು ಹತ್ತು ವರ್ಷದವರಾದಾಗ ಕರೆದು, ಬಣ್ಣದ ಬ್ಲಾಕ್‌ಗಳನ್ನು ಚಿತ್ರದಂತೆ ಜೋಡಿಸುವಂಥ ಪರೀಕ್ಷೆಗಳನ್ನು ಮಾಡಿದರು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ (ಸೊಪ್ಪು, ಕಾಳುಗಳಲ್ಲಿ ಸಿಗುವ ವಿಟಮಿನ್) ಚೆನ್ನಾಗಿದ್ದ ಮಕ್ಕಳ ಅಂಕ ಹೆಚ್ಚಿತ್ತು. ಇದು ಮನೋರೋಗದ ಅಧ್ಯಯನ ಅಲ್ಲ. ಆದರೆ ಕಾಯಿಲೆಯಿಂದ ಊಟ ಬಿಟ್ಟು ಮೂಲೆ ಸೇರಿದ ಬಸುರಿ ಹೆಂಗಸನ್ನು ನೋಡಿದವರಿಗೆ ಇದರ ತೂಕ ಗೊತ್ತಾಗುತ್ತದೆ.

ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾನೂನಿನ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸುಮ್ನೆ ದೂರ ಮಾಡುವಂತಿಲ್ಲ. ಇಷ್ಟೆಲ್ಲ ಇದ್ದೂ, ಅಮ್ಮ ಮಾತ್ರೆ ಬರೆಸಿಕೊಳ್ಳಲು ಬಂದಾಗ ಜೊತೆಗೆ ಚೀಲ ಹಿಡಿದು ನಿಂತ ಮಗುವನ್ನು "ಸ್ಕೂಲಲ್ಲಿ ಹೇಗೆ ಓದ್ತಿದೀಯಮ್ಮ?" ಅಂತ ಕೇಳುವವರು ಕಮ್ಮಿ.

ಆ ಹುಡುಗಿಯನ್ನು ಹಾಗೆ ಕೇಳಿದ್ದು ಆರನೇ ಕ್ಲಾಸಿನ ಮೇಷ್ಟ್ರು. ಸಂಜೆ ಅರ್ಧ ಗಂಟೆ ಕೂರಿಸಿಕೊಂಡು, ಒಂದು ಸಲಕ್ಕೆ ಒಂದೇ ಲೆಕ್ಕ ಕೊಟ್ಟು, ಅದು ಮುಗಿದ ಮೇಲೆ ಮುಂದಿನದು. ಈಗ ಬಿ.ಎಡ್. ಮುಗಿಸಿದ್ದಾಳೆ. ರಾತ್ರಿಯ ಎರಡು ಮಾತ್ರೆ ಈಗಲೂ ಅವಳೇ ಕೊಡುತ್ತಾಳೆ.