ಗುಂಡಿ ಒತ್ತಿದ ಸುದ್ದಿ ತಾನಾಗಿ ಹೋಗುವುದಿಲ್ಲ

ಹಳೆಯ ನಿಂಟೆಂಡೋ ವಿಡಿಯೋ ಗೇಮಿನ ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಡಬ್ಬಿ) ಒಂದನ್ನು ಕಂಪ್ಯೂಟರಿಗೆ ಜೋಡಿಸುವ ಅಡಾಪ್ಟರ್ ಮಾಡಹೊರಟು, ಅದರ ಕೇಬಲ್ ಕತ್ತರಿಸಿ, ಕೆಟ್ಟುಹೋದ ಮೌಸ್‌ನಿಂದ ಕಿತ್ತ ಯುಎಸ್‌ಬಿ ವೈರಿಗೆ ಬಣ್ಣ ನೋಡಿಕೊಂಡು ಬೆಸುಗೆ ಹಾಕಿದ್ದೆ. ಕೆಂಪು ಕೆಂಪಿಗೆ, ಬಿಳಿ ಬಿಳಿಗೆ. ಕಂಟ್ರೋಲರ್ ಕಡೆ ಐದು ವೈರು, ಯುಎಸ್‌ಬಿ ಕಡೆ ನಾಲ್ಕು. ಮಿಕ್ಕ ಒಂದಕ್ಕೆ ಟೇಪು ಸುತ್ತಿ ಸುಮ್ಮನಾದೆ. ಕಂಪ್ಯೂಟರಿಗೆ ಚುಚ್ಚಿದರೆ ಒಂದು ‘ಟಿಣ್’ ಕೂಡ ಇಲ್ಲ. ಡಬ್ಬಿ ಬಿಚ್ಚಿ, ಒಳಗಿನ ಚಿಪ್ಪಿನ ಕಾಲುಗಳಿಂದ ಹಿಂದಕ್ಕೆ ಮಲ್ಟಿಮೀಟರ್ ಹಿಡಿದು ನೋಡಿದ ಮೇಲೆ ತಿಳಿಯಿತು: 5 ವೋಲ್ಟ್ ಹೋಗಬೇಕಾದದ್ದು ಬಿಳಿ ವೈರಿಗೆ. ಕೆಂಪು ವೈರಿಗೂ ವಿದ್ಯುತ್ ಪೂರೈಕೆಗೂ ಸಂಬಂಧವೇ ಇಲ್ಲ. ಮೂಢನಂಬಿಕೆ ಎಂದರೆ ಬೆಕ್ಕು ಅಡ್ಡ ಹೋಗುವುದೊಂದೇ ಅಲ್ಲ, ಕೆಂಪು ಕಂಡದ್ದೆಲ್ಲ ಪ್ಲಸ್ ಎನ್ನುವುದೂ ಒಂದು.

ಹಾಗಂತ ವೈರುಗಳನ್ನು ಸರಿಯಾಗಿ ಜೋಡಿಸಿದ್ದರೂ ಅದು ಓಡುತ್ತಿರಲಿಲ್ಲ. ಅಡಾಪ್ಟರ್ ಎಂದರೆ ಪ್ಲಗ್ಗಿನ ಆಕಾರ ಬದಲಿಸುವ ತುಂಡು ಎಂದೇ ಬಹಳ ಜನ ತಿಳಿದಿದ್ದಾರೆ. ಆಕಾರ ಇಲ್ಲಿ ಏನನ್ನೂ ಹೇಳುವುದಿಲ್ಲ. ಕನ್ಸೋಲುಗಳಾದ, ಅಂದರೆ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗಳಾದ, ಅಟಾರಿ 2600ಕ್ಕೂ (1977) ಸೆಗಾ ಮೆಗಾ ಡ್ರೈವ್‌ಗೂ (1988) ಒಂದೇ ಒಂಬತ್ತು ಪಿನ್ನಿನ ಪ್ಲಗ್. ಒಂದರದ್ದು ಇನ್ನೊಂದರಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅಟಾರಿಯಲ್ಲಿ 5 ವೋಲ್ಟ್ ಬರುವುದು ಏಳನೇ ಪಿನ್ನಿಗೆ, ಸೆಗಾದಲ್ಲಿ ಐದನೆಯದಕ್ಕೆ. ಇದಕ್ಕೆ ತದ್ವಿರುದ್ಧ 2001ರ ಮೊದಲ ಎಕ್ಸ್‌ಬಾಕ್ಸ್. ಅದರ ಪ್ಲಗ್ ಎಲ್ಲೂ ಕಾಣದ ಆಕಾರದ್ದು, ಒಳಗೆ ಹರಿಯುವುದು ಮಾತ್ರ ಅಪ್ಪಟ ಯುಎಸ್‌ಬಿ. ಅದಕ್ಕೆ ನಿಜಕ್ಕೂ ಬರೀ ವೈರು ಬದಲಿಸಿ, ಕಂಪ್ಯೂಟರಿನಲ್ಲಿ ಸರಿಯಾದ ಡ್ರೈವರ್ ತಂತ್ರಾಂಶ ಹಾಕಿಕೊಂಡರೆ ಸಾಕು. ನಾನು ಮಾಡಿದ ಕೆಲಸ ಆ ಕಂಟ್ರೋಲರ್‌ಗೆ ಮಾಡಿದ್ದರೆ ಜಾಣ ಅನ್ನಿಸಿಕೊಳ್ಳುತ್ತಿದ್ದೆ.

ಈಗ ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಆ ನಿಂಟೆಂಡೋ ಕಂಟ್ರೋಲರ್‌ನ ಒಳಗೆ ಇರುವುದು ಒಂದೇ ಚಿಪ್ಪು. ಹದಿನಾರು ಕಾಲು, ಹೆಸರು 4021. ಕನ್ಸೋಲಿಗೆಂದೇ ಮಾಡಿದ ವಿಶೇಷ ಚಿಪ್ಪೇನಲ್ಲ, ಯಾರು ಬೇಕಾದರೂ ಕೊಳ್ಳಬಹುದಾದ ಶಿಫ್ಟ್ ರಿಜಿಸ್ಟರ್, ಅಂದರೆ ಒಟ್ಟಿಗೆ ತುಂಬಿಕೊಂಡದ್ದನ್ನು ಒಂದೊಂದಾಗಿ ಹೊರಗೆ ದಾಟಿಸುವ ಚಿಪ್ಪು. ಅದರ ಎಂಟು ಕಾಲುಗಳಿಗೆ ಎಂಟು ಗುಂಡಿಗಳು. ಒತ್ತದಿದ್ದಾಗ ಪ್ರತಿ ಕಾಲಿನಲ್ಲೂ 5 ವೋಲ್ಟ್ ಇರುತ್ತದೆ. ಒತ್ತಿದರೆ ಅದು ನೆಲಕ್ಕೆ (ಗ್ರೌಂಡ್ ವೈರಿಗೆ) ಜಾರಿ ಸೊನ್ನೆಯಾಗುತ್ತದೆ. ಇಷ್ಟಾದರೂ ಹೊರಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೀವು ಎಷ್ಟೇ ಜೋರಾಗಿ ಒತ್ತಿ, ಕಂಟ್ರೋಲರ್ ತಾನಾಗಿ ಬಾಯಿ ಬಿಡುವುದಿಲ್ಲ. ಕೇಳಬೇಕು.

ಕೇಳುವುದು ಹೀಗೆ. ಕನ್ಸೋಲ್ ‘ಲ್ಯಾಚ್’ ಎಂಬ ವೈರಿನಲ್ಲಿ ಒಂದು ಮಿಡಿತ ಕಳಿಸುತ್ತದೆ. ಅದು ಫೋಟೋ ತೆಗೆದ ಹಾಗೆ: ಆ ಕ್ಷಣಕ್ಕೆ ಎಂಟೂ ಗುಂಡಿಗಳು ಹೇಗಿದ್ದವೋ ಹಾಗೇ ಚಿಪ್ಪಿನೊಳಗೆ ಸ್ತಬ್ಧವಾಗುತ್ತವೆ. ಎ ಗುಂಡಿಯ ಸ್ಥಿತಿ ಆಗಲೇ ಬಾಗಿಲಲ್ಲಿ, ಅಂದರೆ ‘ಡೇಟಾ’ ವೈರಿನಲ್ಲಿ ನಿಂತಿರುತ್ತದೆ. ಕನ್ಸೋಲ್ ಅದನ್ನು ಓದಿಕೊಂಡು ‘ಕ್ಲಾಕ್’ ವೈರಿನಲ್ಲಿ ಒಂದು ಸಲ ತಟ್ಟುತ್ತದೆ. ಸಾಲು ಒಂದು ಹೆಜ್ಜೆ ಮುಂದಕ್ಕೆ. ಈಗ ಬಾಗಿಲಲ್ಲಿ ಬಿ. ಮತ್ತೆ ತಟ್ಟಿದರೆ ಸೆಲೆಕ್ಟ್, ಮತ್ತೆ ಸ್ಟಾರ್ಟ್, ಆಮೇಲೆ ಮೇಲೆ, ಕೆಳಗೆ, ಎಡ, ಬಲ. ಟಿಕೆಟ್ ಕಿಟಕಿಯ ಮುಂದಿನ ಸರತಿ ಎನ್ನಿ. ಇಲ್ಲವೇ ಮೇಷ್ಟರು ಹಾಜರಿ ಕರೆದ ಹಾಗೆ ಎನ್ನಿ. ಆದರೆ ಈ ಮೇಷ್ಟರು ಹೆಸರು ಹಿಡಿದು ಕರೆಯುವುದಿಲ್ಲ, ಮೇಜು ಕುಟ್ಟುತ್ತಾರೆ ಅಷ್ಟೆ. ಮೂರನೇ ಕುಟ್ಟಿಗೆ ಎದ್ದವನು ಯಾರು ಎಂಬುದು ಸಾಲಿನ ಕ್ರಮದಿಂದಲೇ ತಿಳಿಯಬೇಕು. ಒಂದು ಕುಟ್ಟು ತಪ್ಪಿದರೆ ಮುಂದಿನವರ ಹಾಜರಿಯೆಲ್ಲ ಅದಲುಬದಲು.

ಇದು ಉಪಮೆಯಷ್ಟೇ ಅಲ್ಲ, ಹಾಗೆ ಆಗಿಯೇ ಇದೆ. ಎನ್‌ಇಎಸ್ (ನನ್ನ ಆ ಹಳೆಯ ಕಂಟ್ರೋಲರ್ ಸೇರಿದ್ದ ನಿಂಟೆಂಡೋ) ಕನ್ಸೋಲಿನಲ್ಲಿ ಆಟದ ನಡುವೆ ದಾಖಲಿತ ಧ್ವನಿ ನುಡಿಯುವಾಗ ಒಮ್ಮೊಮ್ಮೆ ಕ್ಲಾಕ್ ವೈರಿನಲ್ಲಿ ಒಂದು ಮಿಡಿತ ಹೆಚ್ಚಿಗೆ ಬಿದ್ದುಬಿಡುತ್ತಿತ್ತು. ಒಂದು ಬಿಟ್ (ಸೊನ್ನೆ ಅಥವಾ ಒಂದು ಎಂಬ ಉತ್ತರ) ಕಾಣೆ, ಎಡ ಇದ್ದದ್ದು ಬೇರೇನೋ ಆಗಿ ಓದಿಸಿಕೊಳ್ಳುತ್ತಿತ್ತು. ಹಾಗಾಗಿ ಕೆಲವು ಆಟಗಳ ಪ್ರೋಗ್ರಾಮರುಗಳು ಎರಡು ಸಲ ಓದಿ, ಎರಡೂ ಒಂದೇ ಬಂದರೆ ಮಾತ್ರ ನಂಬುವ ರೂಢಿ ಮಾಡಿಕೊಂಡರು.

ಇಷ್ಟೆಲ್ಲ ಸುತ್ತುಬಳಸು ಏಕೆ? ವೈರು ಉಳಿಸಲು. ಅಟಾರಿಯ ಜಾಯ್‌ಸ್ಟಿಕ್ಕಿನಲ್ಲಿ ಚಿಪ್ಪೇ ಇರಲಿಲ್ಲ; ನಾಲ್ಕು ದಿಕ್ಕಿಗೆ ನಾಲ್ಕು ವೈರು, ಗುಂಡು ಹಾರಿಸಲು ಒಂದು, ನೆಲಕ್ಕೆ ಒಂದು. ಗುಂಡಿ ಹೆಚ್ಚಿದಂತೆ ಕೇಬಲ್ ದಪ್ಪವಾಗಬೇಕು. ಶಿಫ್ಟ್ ರಿಜಿಸ್ಟರ್ ಬಂದ ಮೇಲೆ ಐದೇ ವೈರಿಗೆ ಕೆಲಸ ಮುಗಿಯಿತು. 1990ರಲ್ಲಿ ಸೂಪರ್ ನಿಂಟೆಂಡೋದ ಜಪಾನಿನ ರೂಪವಾಗಿ ಬಂದ ಸೂಪರ್ ಫ್ಯಾಮಿಕಾಮ್‌ನಲ್ಲಿ ಗುಂಡಿಗಳು ಹನ್ನೆರಡಾದರೂ ವೈರು ಅದೇ ಐದು. ಸಾಲು ಮಾತ್ರ ಹದಿನಾರಕ್ಕೆ ಬೆಳೆಯಿತು. ಕೊನೆಯ ನಾಲ್ಕು ಜಾಗ ಯಾವ ಗುಂಡಿಗೂ ಸೇರಿದ್ದಲ್ಲ, ‘ನಾನು ಯಾರು’ ಎಂದು ಹೇಳಲು ಇಟ್ಟದ್ದು. ಅದೇ ಕನ್ಸೋಲಿನ ಮೌಸ್ ಆ ಜಾಗದಲ್ಲಿ ಬೇರೆ ಗುರುತು ಒತ್ತುತ್ತದೆ. ಒಳ್ಳೆಯ ಅಡಾಪ್ಟರ್ ಅದನ್ನು ನೋಡಿಯೇ ಬಂದದ್ದು ಕಂಟ್ರೋಲರೋ ಮೌಸೋ ಎಂದು ತೀರ್ಮಾನಿಸುತ್ತದೆ.

ಅಡಾಪ್ಟರ್ ಮಾಡುವುದು ವೇಷ ಹಾಕುವ ಕೆಲಸ. ಒಂದು ಕಡೆ ತಾನೇ ಕನ್ಸೋಲ್ ಎಂಬಂತೆ ಲ್ಯಾಚ್ ಕೊಟ್ಟು, ಕ್ಲಾಕ್ ತಟ್ಟಿ, ಹಳೆಯ ಕಂಟ್ರೋಲರ್‌ನಿಂದ ಉತ್ತರ ಹೊರಡಿಸುತ್ತದೆ. ಇನ್ನೊಂದು ಕಡೆ ಕಂಪ್ಯೂಟರಿನ ಮುಂದೆ ಇಂದಿನ ಕಾಲದ ಗೇಮ್‌ಪ್ಯಾಡ್‌ನಂತೆ ನಿಲ್ಲುತ್ತದೆ. ಚುಚ್ಚಿದ ಕೂಡಲೇ ಕಂಪ್ಯೂಟರ್ ‘ನೀನು ಯಾರು’ ಎನ್ನುತ್ತದೆ. ಅಡಾಪ್ಟರ್ ‘ನನಗೆ ಎಂಟು ಗುಂಡಿ, ಒಂದೊಂದಕ್ಕೆ ಒಂದೊಂದು ಬಿಟ್’ ಎಂದು ತನ್ನ ವಿವರಪಟ್ಟಿ ಒಪ್ಪಿಸುತ್ತದೆ. ನಾನು ಬೆಸುಗೆ ಹಾಕಿದ ಕಂಟ್ರೋಲರ್‌ಗೆ ಈ ಪ್ರಶ್ನೆ ಕೇಳಿಸಿಕೊಳ್ಳುವ ಕಿವಿಯೇ ಇರಲಿಲ್ಲ.

ತಮಾಷೆ ಏನೆಂದರೆ, 1996ರಲ್ಲಿ ಬಂದ ಯುಎಸ್‌ಬಿಯೂ ಇದೇ ಜಾತಿಯದು. ಅದರಲ್ಲಿ ‘ಇಂಟರಪ್ಟ್’ ಎಂಬ ಹೆಸರಿನ ರವಾನೆ ಇದೆ. ಹೆಸರು ಕೇಳಿದರೆ ಸಾಧನವೇ ನಡುವೆ ಬಾಯಿ ಹಾಕುತ್ತದೆ ಅನ್ನಿಸುತ್ತದೆ. ಇಲ್ಲ. ಅಲ್ಲೂ ಕಂಪ್ಯೂಟರೇ ಹೊತ್ತುಹೊತ್ತಿಗೆ ಕೇಳುತ್ತದೆ, ಸಾಧನ ಕೇಳಿದಾಗಷ್ಟೇ ಹೇಳುತ್ತದೆ. ಅಂದರೆ ಅಡಾಪ್ಟರ್ ಒಂದು ಕಡೆ ಪ್ರಶ್ನೆ ಕೇಳುವವನು, ಇನ್ನೊಂದು ಕಡೆ ಉತ್ತರ ಕೊಡುವವನು.

ಯುಎಸ್‌ಬಿಗೆ ಮುಂಚೆ ಈ ಹುಚ್ಚು ಇರಲಿಲ್ಲವೇ? ಇತ್ತು, ಇನ್ನೂ ಸೊಗಸಾಗಿ. ಪ್ರಿಂಟರ್ ಜೋಡಿಸುವ ಪ್ಯಾರಲಲ್ ಪೋರ್ಟಿಗೆ ಜನ ಸೂಪರ್ ನಿಂಟೆಂಡೋ ಕಂಟ್ರೋಲರ್ ಬೆಸೆಯುತ್ತಿದ್ದರು. ಆ ಪೋರ್ಟಿನಲ್ಲಿ ವಿದ್ಯುತ್ ಪಿನ್ ಇಲ್ಲ. ಅದಕ್ಕೆ ಡೇಟಾ ಪಿನ್ನುಗಳಲ್ಲೇ ಕೆಲವನ್ನು ಸದಾ ‘ಒಂದು’ ಮಾಡಿಟ್ಟು, ಡಯೋಡುಗಳ ಮೂಲಕ ಹನಿ ಹನಿ ವಿದ್ಯುತ್ ಕೂಡಿಸುತ್ತಿದ್ದರು. ಲ್ಯಾಚ್ ಕೊಡುವುದು, ಕ್ಲಾಕ್ ತಟ್ಟುವುದು ಎಲ್ಲ ಕಂಪ್ಯೂಟರಿನ ಪ್ರೊಸೆಸರಿನದೇ ಕೆಲಸ. ಲಿನಕ್ಸ್‌ನಲ್ಲಿ ಇದಕ್ಕೆ ‘ಗೇಮ್‌ಕಾನ್’ ಎಂಬ ಡ್ರೈವರೇ ಇದೆ. ಪ್ರಿಂಟರ್ ಪೋರ್ಟು ಹೋಯಿತು, ಆ ಕೆಲಸ ಅಡಾಪ್ಟರ್ ಒಳಗಿನ ಒಂದು ಪುಟ್ಟ ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಕಂಪ್ಯೂಟರ್) ತಲೆಗೆ ಬಂತು.

ಪುಟ್ಟದಾದರೂ ಅದಕ್ಕೆ ಚುರುಕು ಬೇಕು. 1996ರ ನಿಂಟೆಂಡೋ 64 ಕ್ಲಾಕ್ ವೈರನ್ನೂ ತೆಗೆದುಹಾಕಿತು. ವಿದ್ಯುತ್ತು ಮತ್ತು ನೆಲ ಬಿಟ್ಟರೆ ಉಳಿಯುವುದು ಒಂದೇ ವೈರು, ಪ್ರಶ್ನೆ ಉತ್ತರ ಎರಡೂ ಅದರಲ್ಲೇ. ಒಂದು ಬಿಟ್‌ಗೆ 4 ಮೈಕ್ರೋಸೆಕೆಂಡ್. 3 ಮೈಕ್ರೋಸೆಕೆಂಡ್ ತಗ್ಗಿ 1 ಮೈಕ್ರೋಸೆಕೆಂಡ್ ಎದ್ದರೆ ಸೊನ್ನೆ, 1 ತಗ್ಗಿ 3 ಎದ್ದರೆ ಒಂದು. ತಾಳ ಹಾಕುವವನು ಇಲ್ಲ, ಅಕ್ಷರದ ಉದ್ದದಿಂದಲೇ ಲಘುವೋ ಗುರುವೋ ತಿಳಿಯಬೇಕು. ಜೊತೆಗೆ ಅದು 3.3 ವೋಲ್ಟಿನದು, 5 ವೋಲ್ಟ್ ಕೊಟ್ಟು ಪರೀಕ್ಷಿಸಬೇಡಿ. 2021ರ ರಾಸ್ಪ್‌ಬೆರಿ ಪೈ ಪಿಕೋದಂಥ ಮೈಕ್ರೋಕಂಟ್ರೋಲರ್ ಬೋರ್ಡುಗಳಲ್ಲಿ ಹೀಗೆ ಪಿನ್ನುಗಳ ಏರಿಳಿತದ ಹೊತ್ತನ್ನು ನಿಖರವಾಗಿ ನಿಭಾಯಿಸಲೆಂದೇ ಸಣ್ಣ ಯಂತ್ರಭಾಗಗಳಿವೆ. ಮನೆಯಲ್ಲೇ ಅಡಾಪ್ಟರ್ ಮಾಡುವವರಿಗೆ ಅವು ಇಷ್ಟವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

‘ಅಡಾಪ್ಟರ್ ಹಾಕಿದರೆ ಆಟ ತಡವರಿಸುತ್ತದೆ’ ಎಂಬ ದೂರು ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ಹಾಕೋಣ. ಸೂಪರ್ ನಿಂಟೆಂಡೋ ಕಂಟ್ರೋಲರ್‌ನ ಹದಿನಾರು ಬಿಟ್ ಓದಲು, ತಟ್ಟಿಗೆ 12 ಮೈಕ್ರೋಸೆಕೆಂಡ್‌ನಂತೆ, ಸುಮಾರು 0.2 ಮಿಲಿಸೆಕೆಂಡ್. ‘ಫುಲ್ ಸ್ಪೀಡ್’ ಎಂಬ ವೇಗದ ಯುಎಸ್‌ಬಿಯಲ್ಲಿ ಕಂಪ್ಯೂಟರ್ ಮಿಲಿಸೆಕೆಂಡಿಗೊಮ್ಮೆ ಕೇಳಬಲ್ಲದು. ಆ ಕನ್ಸೋಲ್ ತಾನೇ ಓದುತ್ತಿದ್ದದ್ದು ಪರದೆಯ ಮೇಲೆ ಹೊಸದಾಗಿ ಮೂಡುವ ಪ್ರತಿ ಚಿತ್ರಕ್ಕೊಂದು ಸಲ, ಅಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ನೆಟ್ಟಗೆ ಮಾಡಿದ ಅಡಾಪ್ಟರ್ ಕನ್ಸೋಲಿಗಿಂತ ಪದೇ ಪದೇ ಕೇಳುತ್ತದೆ. ಅದಕ್ಕಿಂತ ನಿಧಾನದ ‘ಲೋ ಸ್ಪೀಡ್’ ಚಿಪ್ಪು ಹಾಕಿದ ಅಗ್ಗದ ಅಡಾಪ್ಟರ್‌ಗಳ ಕಥೆ ಬೇರೆ, ಅವುಗಳ ಸರದಿ ನಿಯಮದ ಪ್ರಕಾರ 10 ಮಿಲಿಸೆಕೆಂಡಿಗೊಮ್ಮೆ. ತಡ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಪರದೆಯನ್ನು.

ಪರದೆ ಎಂದಾಗ ನೆನಪಾಯಿತು. ಎನ್‌ಇಎಸ್‌ನ ಬಾತುಕೋಳಿ ಹೊಡೆಯುವ ಬಂದೂಕು, ಝಾಪರ್, ಅದಕ್ಕೂ ಅಡಾಪ್ಟರ್ ಸಿಗುತ್ತದೆ. ಬಂದೂಕಿನಿಂದ ಏನೂ ಹೊರಡುವುದಿಲ್ಲ, ನಳಿಗೆಯೊಳಗೆ ಬೆಳಕು ಕಾಣುವ ಕಣ್ಣೊಂದಿದೆ ಅಷ್ಟೆ. ಟ್ರಿಗರ್ ಎಳೆದಾಗ ಆಟ ಒಂದು ಚಿತ್ರದಷ್ಟು ಹೊತ್ತು ಪರದೆ ಕಪ್ಪು ಮಾಡಿ, ಮರುಕ್ಷಣ ಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರೆಯುತ್ತದೆ. ಆಗ ಬೆಳಕು ಕಂಡರೆ ಗುರಿ ತಗುಲಿತು. ಆ ಕಣ್ಣನ್ನು ಹದಗೊಳಿಸಿರುವುದು ಹಳೆಯ ಪಿಕ್ಚರ್ ಟ್ಯೂಬ್ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುವಾಗ ಮಿನುಗುವ ಬೆಳಕಿಗೆ. ಎಲ್‌ಸಿಡಿ ಪರದೆ ಹಾಗೆ ಮಿನುಗುವುದಿಲ್ಲ, ಚೌಕವನ್ನು ತೋರಿಸುವುದೂ ತಡವಾಗಿ. ನನ್ನ ಅಡಾಪ್ಟರ್‌ನಲ್ಲಿ ಟ್ರಿಗರ್‌ನ ಬಿಟ್ ಪ್ರತಿ ಸಲವೂ ಸರಿಯಾಗಿ ಬದಲಾಗುತ್ತದೆ. ಪಕ್ಕದ ಬೆಳಕಿನ ಬಿಟ್ ಮಾತ್ರ, ನಳಿಗೆಯನ್ನು ಪರದೆಗೆ ಒತ್ತಿ ಹಿಡಿದರೂ ಅಲುಗುವುದಿಲ್ಲ.