ಆಲಮಟ್ಟಿಯ ಮಟ್ಟಕ್ಕೆ ಶೇಕಡಾ ಹಚ್ಚಬೇಡಿ

ಮಳೆಗಾಲ ಹಿಡಿಯಿತೆಂದರೆ ವಿಜಯಪುರ, ಬಾಗಲಕೋಟೆಯ ಮಂದಿ ಪತ್ರಿಕೆಯಲ್ಲಿ ಮೊದಲು ಹುಡುಕುವುದು ಆಲಮಟ್ಟಿಯ ಅಂಕಿಗಳನ್ನು: ಮಟ್ಟ ಎಷ್ಟು ಮೀಟರ್, ಸಂಗ್ರಹ ಎಷ್ಟು ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಒಳಹರಿವು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ). ಮೂರೂ ಸಂಖ್ಯೆಗಳೇ. ಆದರೆ ಮೂರಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ.

ಮಟ್ಟವನ್ನೇ ತೆಗೆದುಕೊಳ್ಳಿ. ಈಗಿನ ಗರಿಷ್ಠ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಭಾಗಿಸಿ ನೋಡಿದರೆ ಏರಿಕೆ ಶೇ 0.9. ಇಷ್ಟಕ್ಕೇ ಇಷ್ಟು ಗದ್ದಲವೇ ಅನ್ನಿಸಬಹುದು. ಆದರೆ ಈ ಅಳತೆಯ ಸೊನ್ನೆ ಇರುವುದು ಅಣೆಕಟ್ಟಿನ ಬುಡದಲ್ಲಲ್ಲ, ಸಮುದ್ರಮಟ್ಟದಲ್ಲಿ. ಹಾಗಾಗಿ 4.656 ಮೀಟರ್ ಎಂಬ ವ್ಯತ್ಯಾಸಕ್ಕೆ ಅರ್ಥವಿದೆ, ಶೇ 0.9ಕ್ಕೆ ಇಲ್ಲ. ಕಳೆಯಬಹುದು, ಭಾಗಿಸಬಾರದು. ಇದು ಅಂತರ ಮಾಪಕದ ಚಲಕ, ಅಂದರೆ ವ್ಯತ್ಯಾಸಕ್ಕಷ್ಟೇ ಅರ್ಥವಿರುವ, ಬದಲಾಗುತ್ತಿರುವ ಅಳತೆ. ಸೆಲ್ಸಿಯಸ್ ಕೂಡ ಇದೇ ಜಾತಿ: 40 ಡಿಗ್ರಿ 20ರ ಇಮ್ಮಡಿ ಬಿಸಿಯಲ್ಲ, ನಿಜವಾದ ಸೊನ್ನೆಯಿಂದ ಎಣಿಸುವ ಕೆಲ್ವಿನ್ನಿನಲ್ಲಿ ಅವು 313 ಮತ್ತು 293.

ಟಿಎಂಸಿಯ ಸೊನ್ನೆ ನಿಜವಾದ ಸೊನ್ನೆ, ಅಂದರೆ ನೀರೇ ಇಲ್ಲ. 60 ಟಿಎಂಸಿ 30ರ ಇಮ್ಮಡಿಯೇ. ಇದು ಅನುಪಾತ ಮಾಪಕ. ಕ್ಯೂಸೆಕ್ಕೂ ಹಾಗೆಯೇ, ಆದರೆ ಅದು ಸೆಕೆಂಡಿನ ಲೆಕ್ಕ. 1 ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಸಮಯದಿಂದ ಗುಣಿಸದೆ ಒಳಹರಿವನ್ನು ಸಂಗ್ರಹಕ್ಕೆ ಕೂಡಿಸುವುದು ಬಸ್ಸಿನ ವೇಗವನ್ನು ದೂರಕ್ಕೆ ಕೂಡಿಸಿದಂತೆ.

ತೆರೆದ ಗೇಟುಗಳನ್ನು ಎಣಿಸುತ್ತೇವೆ. ಹತ್ತೂವರೆ ಗೇಟು ತೆರೆದವು ಅನ್ನುವುದಿಲ್ಲ. ಅದು ವಿಚ್ಛಿನ್ನ, ಅಂದರೆ ಬಿಡಿಬಿಡಿಯಾಗಿ ಎಣಿಸುವ ಚಲಕ. ಗೇಟಿನ ಮೇಲೆ ಬರೆದ ನಂಬರೋ, ಬರೀ ಹೆಸರು. ಹಳದಿ, ಕಿತ್ತಳೆ, ಕೆಂಪು ಮಳೆ ಎಚ್ಚರಿಕೆಗಳಲ್ಲಿ ಕ್ರಮವಿದೆ, ನಡುವಿನ ಅಂತರ ಸಮವೆಂಬ ಖಾತ್ರಿಯಿಲ್ಲ. ಅವಕ್ಕೆ 1, 2, 3 ಎಂದು ಕೊಟ್ಟು ಸರಾಸರಿ 2.3 ತೆಗೆದರೆ ಅದು ಯಾವ ಬಣ್ಣ? ಇಲ್ಲಿ ಮಧ್ಯಾಂಕ, ಅಂದರೆ ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು ಹುಡುಕಿ, ಸಾಕು.

ಹೆಸರು, ಕ್ರಮ, ಅಂತರ, ಅನುಪಾತ ಎಂಬ ಈ ವಿಂಗಡಣೆಯನ್ನು ಅಮೆರಿಕದ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮುಂದಿಟ್ಟರು. ಅದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ, ಅಂಕಿಅಂಶ ಶಾಸ್ತ್ರಜ್ಞರೇ ಅದರ ಬಗ್ಗೆ ಜಗಳಾಡಿದ್ದಾರೆ. ಆದರೂ ಲೆಕ್ಕಕ್ಕೆ ಕೂಡುವ ಮೊದಲು ಕೇಳಿಕೊಳ್ಳಲು ಒಳ್ಳೆಯ ಪ್ರಶ್ನೆಗಳಿವು.

ಎಕ್ಸೆಲ್‌ಗೆ ಇದಾವುದೂ ತಿಳಿಯದು. ಒಂದು ದಿನ ಮಟ್ಟ ಅಳೆಯದೆ ಆ ಕೋಶದಲ್ಲಿ 0 ತುಂಬಿದರೆ 519, 0, 519ರ ಸರಾಸರಿ 346 ಎಂದು ನಿರ್ವಿಕಾರವಾಗಿ ಹೇಳುತ್ತದೆ. ಅಳತೆ ಇಲ್ಲದಿದ್ದರೆ ಕೋಶ ಖಾಲಿ ಬಿಡಿ. ವಿಜಯಪುರದ ಎಸ್‌ಟಿಡಿ ಕೋಡ್ 08352ನ್ನು ಎಕ್ಸೆಲ್ ಸಂಖ್ಯೆಯೆಂದು ತಿಳಿದು ಮೊದಲ ಸೊನ್ನೆಯನ್ನು ನುಂಗುತ್ತದೆ. ಆ ಕಾಲಮ್ಮನ್ನು ಮೊದಲೇ ಪಠ್ಯವೆಂದು ಗುರುತಿಸಿ. 519.60ರ ಕೊನೆಯ ಸೊನ್ನೆಯೂ ಮಾಯವಾಗುತ್ತದೆ. ಅಳತೆ ಸೆಂಟಿಮೀಟರಿನವರೆಗೆ ಇದೆ ಎಂದು ಹೇಳುತ್ತಿದ್ದುದು ಅದೇ ಸೊನ್ನೆ.