ಅಮ್ಮನ ಪತ್ರದಾಚೆಗಿನ ಹ್ಯಾರಿ ಬರ್ನ್

ಅಮೆರಿಕದ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಸಿಕ್ಕಿದ್ದು ಒಬ್ಬ ಮಗ ತಾಯಿಯ ಮಾತು ಕೇಳಿದ್ದರಿಂದ ಎಂಬ ಕಥೆ ಅಲ್ಲಿ ಬಹಳ ಜನಪ್ರಿಯ. ಕಥೆ ಸುಳ್ಳಲ್ಲ. ಆದರೆ ಆ ಮಗ ಚುನಾವಣೆಯ ಲೆಕ್ಕ ಬಲ್ಲ ರಾಜಕಾರಣಿಯೂ ಆಗಿದ್ದರು ಎಂಬುದನ್ನು ಅದು ಮರೆಸುತ್ತದೆ.

ಹ್ಯಾರಿ ಬರ್ನ್ ಹುಟ್ಟಿದ್ದು 1895ರಲ್ಲಿ, ಟೆನೆಸಿ ರಾಜ್ಯದ ಪೂರ್ವ ಭಾಗದ ಪುಟ್ಟ ಊರಾದ ನಯೋಟಾದಲ್ಲಿ. ತಂದೆ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ಜಮೀನು ನೋಡಿಕೊಂಡ ತಾಯಿ ಫೆಬ್, ಪತ್ರಿಕೆಗಳನ್ನು ಬಿಡದೆ ಓದುತ್ತಿದ್ದ ಹೆಂಗಸು. 1918ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಗೆದ್ದು ವಿಧಾನಸಭೆಗೆ ಬಂದ ಬರ್ನ್ ಅಲ್ಲಿನ ಅತ್ಯಂತ ಕಿರಿಯ ಸದಸ್ಯ.

ಲಿಂಗದ ಕಾರಣಕ್ಕೆ ಮತದಾನದ ಹಕ್ಕು ನಿರಾಕರಿಸುವಂತಿಲ್ಲ ಎನ್ನುವ ಸಂವಿಧಾನದ 19ನೆಯ ತಿದ್ದುಪಡಿಗೆ ಸಂಸತ್ತು 1919ರ ಜೂನ್‌ನಲ್ಲಿ ಅಂಗೀಕಾರ ನೀಡಿತ್ತು. ಅದು ಜಾರಿಗೆ ಬರಲು 48 ರಾಜ್ಯಗಳಲ್ಲಿ 36ರ ಒಪ್ಪಿಗೆ ಬೇಕಿತ್ತು. ಮರುವರ್ಷದ ಮಾರ್ಚ್ ಹೊತ್ತಿಗೆ 35 ಒಪ್ಪಿದವು, ಅಲ್ಲಿಗೆ ಗಾಡಿ ನಿಂತಿತು. ಅಲ್ಲಿ ಜನರಿಂದಲೇ ಚುನಾಯಿತರಾಗುವ ರಾಜ್ಯಪಾಲರಲ್ಲಿ ಕೆಲವರು ಅಧಿವೇಶನ ಕರೆಯಲೇ ಒಲ್ಲೆ ಎಂದರು. ಕೊನೆಗೆ ಎಲ್ಲರ ಕಣ್ಣೂ ಟೆನೆಸಿಯ ಮೇಲೆ ನೆಟ್ಟಿತು. ರಾಜಧಾನಿ ನ್ಯಾಶ್‌ವಿಲ್‌ನ ಹರ್ಮಿಟೇಜ್ ಹೋಟೆಲು ಎರಡೂ ಕಡೆಯವರಿಂದ ತುಂಬಿಹೋಯಿತು. ಹಕ್ಕಿನ ಪರ ಇದ್ದವರು ಹಳದಿ ಗುಲಾಬಿ, ವಿರೋಧಿಗಳು ಕೆಂಪು ಗುಲಾಬಿ ಮುಡಿದು ಓಡಾಡಿದರು.

ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿ ತಿದ್ದುಪಡಿಯನ್ನು ಒಪ್ಪುವ ಮಸೂದೆ 25–4ರಿಂದ ಸಲೀಸಾಗಿ ಗೆದ್ದಿತು. ತೊಡಕಿದ್ದದ್ದು ಕೆಳಮನೆಯಲ್ಲಿ. ಆಗಸ್ಟ್ 18ರಂದು ಬರ್ನ್ ಕೋಟಿನ ಮೇಲಿದ್ದದ್ದು ಕೆಂಪು ಗುಲಾಬಿ, ಜೇಬಿನೊಳಗಿದ್ದದ್ದು ತಾಯಿಯ ಪತ್ರ. ಮನೆಯ ಮತ್ತು ಊರಿನ ಸುದ್ದಿಗಳ ನಡುವೆ ಫೆಬ್ ಬರೆದಿದ್ದರು: ಜನರನ್ನು ಅನುಮಾನದಲ್ಲಿಡಬೇಡ, ಹಕ್ಕಿನ ಪರ ಮತ ಹಾಕು, ನಿನ್ನ ನಿಲುವೇನೆಂದು ನೋಡುತ್ತಲೇ ಇದ್ದೇನೆ, ಇನ್ನೂ ಏನೂ ಕಂಡಿಲ್ಲ. ಮಗನನ್ನು ಚೆನ್ನಾಗಿ ಬಲ್ಲ ತಾಯಿಯ ಮಾತಿದು!

ಪತ್ರ ಜೇಬಿನಲ್ಲಿದ್ದರೂ ಬರ್ನ್ ಅಂದು ಮೊದಲು ಮಾಡಿದ್ದೇ ಬೇರೆ. ಮಸೂದೆಯನ್ನು ಬದಿಗಿಡಬೇಕೆಂದು ಸಭಾಧ್ಯಕ್ಷ ಸೆತ್ ವಾಕರ್ ತಂದ ಸೂಚನೆಗೆ ಅವರು ಎರಡು ಬಾರಿ ಬೆಂಬಲ ಕೊಟ್ಟರು. ನವೆಂಬರ್‌ನಲ್ಲಿ ಚುನಾವಣೆ ಇತ್ತು, ಕ್ಷೇತ್ರದ ಜನ ಒಡೆದುಹೋಗಿದ್ದರು. ವಿಷಯ ಮುಂದೆ ಹೋದರೆ ತಾಯಿಯ ಮನಸ್ಸೂ ನೋಯುವುದಿಲ್ಲ, ಮತದಾರರೂ ಮುನಿಯುವುದಿಲ್ಲ. ಈ ಲೆಕ್ಕಾಚಾರ ಕೆಡಿಸಿದ್ದು ಬ್ಯಾಂಕ್ಸ್ ಟರ್ನರ್ ಎಂಬ ಸದಸ್ಯ. ಅವರು ಸೂಚನೆಯ ವಿರುದ್ಧ ನಿಂತಿದ್ದರಿಂದ ಎರಡೂ ಸಲ 48–48 ಸಮಬಲವಾಗಿ ಸೂಚನೆ ಬಿದ್ದುಹೋಯಿತು. ನೇರ ಮತಕ್ಕೆ ಹಾಕಿದರೂ ಇದೇ ಸಮಬಲ ಬಂದು ಮಸೂದೆ ಸೋಲುತ್ತದೆ ಎಂದು ನಂಬಿದ ವಾಕರ್ ಮುಂದುವರಿದರು. ಹೆಸರು ಕರೆದಾಗ ಬರ್ನ್ ‘ಹೌದು’ ಎಂದರು. 49–47.

ಲಂಚದ ಆರೋಪ ಕೂಡಲೇ ಎದ್ದಿತು. ಬರ್ನ್ ಸದನದ ಕಡತದಲ್ಲೇ ಉತ್ತರ ದಾಖಲಿಸಿದರು: ಮತದಾನ ಹಕ್ಕೆಂದು ನಂಬುತ್ತೇನೆ, ತಾಯಿಯ ಸಲಹೆ ಮಗನಿಗೆ ಯಾವಾಗಲೂ ಕ್ಷೇಮ, ಜತೆಗೆ, ಈ ಕೆಲಸ ಪೂರ್ವ ಟೆನೆಸಿಯ ಗುಡ್ಡಗಳ ಒಬ್ಬ ರಿಪಬ್ಲಿಕನ್‌ನಿಂದ ಆಯಿತೆಂದು ನನ್ನ ಪಕ್ಷ ಹೇಳಿಕೊಳ್ಳುವಂತಾಗಲಿ. ಭಾವುಕ ಕಥೆ ಹೇಳುವವರು ಈ ಕೊನೆಯ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಇದರಲ್ಲೇ ಮನುಷ್ಯ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತಾರೆ.

ಆಗಸ್ಟ್ 26ರಂದು ತಿದ್ದುಪಡಿ ಅಧಿಕೃತವಾಯಿತು. ಆದರೆ ದಕ್ಷಿಣದ ರಾಜ್ಯಗಳು ತಲೆತೆರಿಗೆ, ಅಕ್ಷರ ಪರೀಕ್ಷೆಗಳ ನೆಪದಲ್ಲಿ ಬಹುಪಾಲು ಕಪ್ಪು ಮಹಿಳೆಯರನ್ನು ಮತಗಟ್ಟೆಯಿಂದ ದೂರವೇ ಇಟ್ಟವು. ಅವರು 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು.

ನವೆಂಬರ್‌ನಲ್ಲಿ ಬರ್ನ್ ಮತ್ತೆ ಗೆದ್ದರು. 1930ರಲ್ಲಿ ರಾಜ್ಯಪಾಲ ಹುದ್ದೆಗೆ ಪಕ್ಷದ ಉಮೇದುವಾರಿಕೆ ಬಯಸಿದರು, ದಕ್ಕಲಿಲ್ಲ. ವಕೀಲಿ, ಬ್ಯಾಂಕು, ರಾಜ್ಯ ಸೆನೆಟ್ ಎಂದು ದುಡಿದು 1977ರಲ್ಲಿ ತೀರಿಕೊಂಡರು.